ಸಕ್ಕರೆಗೆ ಏನು ಓದುತ್ತಾರೆ? ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಬೇರೆ ಬೇರೆ ಧರ್ಮಗಳ ಬಗ್ಗೆ ಮಕ್ಕಳು ಶಾಲೆಯಲ್ಲಿ ಒಬ್ಬರಿಂದೊಬ್ಬರು ಕಲಿಯಲು ಅವಕಾಶ ಹಾಗೂ ಕಲಿಸುವ ಶಿಕ್ಷಕರಿಗೆ ಲಿಖಿತ ರಕ್ಷಣೆ ಕೋರಿ.

ಮಾನ್ಯರೇ,

ನಾನು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು 2023ರಲ್ಲಿ ನಿವೃತ್ತಳಾದವಳು. ಸೇವೆಯಲ್ಲಿ ಇದ್ದಾಗ ಈ ಪತ್ರ ಬರೆಯುವ ಧೈರ್ಯ ನನಗಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಪಿಂಚಣಿ ಬರುತ್ತಿದೆ, ಹೆದರಿಕೆ ಸ್ವಲ್ಪ ಇಳಿದಿದೆ.

ನಮ್ಮ ಶಾಲೆ ಇರುವುದು ಮುದಗಲ್ ಕಡೆಯ ಒಂದು ದೊಡ್ಡ ಹಳ್ಳಿಯಲ್ಲಿ. ಮುದಗಲ್ ಮೊಹರಂ ನೋಡಲು ಸುತ್ತಲ ಜಿಲ್ಲೆಗಳಿಂದ ಜನ ಬರುತ್ತಾರೆ, ನಿಮಗೂ ಗೊತ್ತಿರುತ್ತದೆ. ನಮ್ಮ ಹಳ್ಳಿಯಲ್ಲೂ ಅಲಾಯಿ ಕುಣಿ, ಅಂದರೆ ಮೊಹರಂ ಬೆಂಕಿ ಹಾಕುವ ಗುಂಡಿ, ತೋಡುತ್ತಾರೆ, ಹಲಗೆ ಬಡಿಯುತ್ತಾರೆ. ಹೆಜ್ಜೆ ಹಾಕುವವರಲ್ಲಿ ಮುಸ್ಲಿಮರಿಗಿಂತ ಉಳಿದವರೇ ಜಾಸ್ತಿ. ಇಂಥ ಊರಿನ ಮಕ್ಕಳಿಗೆ ಒಬ್ಬರ ಧರ್ಮ ಇನ್ನೊಬ್ಬರಿಗೆ ಗೊತ್ತಿರುತ್ತದೆ ಅಂತ ನಾನೂ ನಂಬಿದ್ದೆ. ಆಗಸ್ಟ್ ಹದಿನೈದಕ್ಕೆ ಭಾವೈಕ್ಯತೆ ಬಗ್ಗೆ ಭಾಷಣ ಮಾಡುತ್ತಿದ್ದೆ.

2018ರ ಸೆಪ್ಟೆಂಬರ್‌ನಲ್ಲಿ, ಮೊಹರಂ ಮುಗಿದ ಮರುವಾರ, ಎಂಟನೇ ತರಗತಿಗೆ ಒಂದು ಕೆಲಸ ಕೊಟ್ಟೆ. ನಿಮ್ಮದಲ್ಲದ ಧರ್ಮದ ಬಗ್ಗೆ ನಿಮಗೆ ಗೊತ್ತಿರುವುದನ್ನು ಐದು ಸಾಲು ಬರೆಯಿರಿ, ಹೆಸರು ಹಾಕಬೇಡಿ ಅಂದೆ. ಚೀಟಿಗಳನ್ನು ಮನೆಗೆ ಒಯ್ದು ಓದಿದೆ. ‘ಮುಸ್ಲಿಮರು ದಿನಾ ಬಿರಿಯಾನಿ ತಿಂತಾರ.’ ‘ಹಿಂದೂಗಳು ಕಲ್ಲಿಗೆ ಹೆದರ್ತಾರ.’ ‘ಕ್ರಿಶ್ಚನ್ನರು ರೊಕ್ಕ ಕೊಟ್ಟು ಸೇರಿಸ್ಕೋತಾರ.’ ಇವು ಇದ್ದುದರಲ್ಲಿ ಮೆತ್ತಗಿನವು. ಉಳಿದವನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಎಲ್ಲಿಂದ ತಿಳಿಯಿತು ಅಂತ ನಾನು ಕೇಳಿರಲಿಲ್ಲ. ಆದರೂ ಒಂದು ಚೀಟಿಯ ಕೆಳಗೆ ‘ಇದು ಮಾಮನ ಮೊಬೈಲ್‌ನಾಗ ಬಂದದ್ದು’ ಅಂತ ಬರೆದಿತ್ತು. ಹೋದ ವಾರ ಅಲಾಯಿ ಕುಣಿಯ ಸುತ್ತ ಕುಣಿದ ಮಕ್ಕಳೇ ಇದನ್ನೂ ಬರೆದಿದ್ದರು.

ಅವರು ಜಗಳಗಂಟ ಮಕ್ಕಳಲ್ಲ. ಕೂರುವುದು ಒಂದೇ ಬೆಂಚಿನಲ್ಲಿ, ಉಣ್ಣುವುದು ಒಂದೇ ಬಿಸಿಯೂಟ. ಆದರೆ ಈ ವಿಷಯದಲ್ಲಿ ಒಬ್ಬರನ್ನೊಬ್ಬರು ಏನೂ ಕೇಳಿರಲಿಲ್ಲ. ಅಂಥದ್ದೆಲ್ಲ ಕೇಳಬಾರದು ಅಂತ ಮನೆಯಲ್ಲಿ ಹೇಳಿದ್ದರು. ಶಾಲೆಯಲ್ಲಿ ನಾವೂ ಅದನ್ನೇ ಹೇಳಿದ್ದೆವು.

ಸರ್ಕಾರ ಮಕ್ಕಳಿಗೆ ಕೊಡುವ ಕಪ್ಪು ಶೂಗಳ ಖಾಲಿ ಡಬ್ಬಿಯೊಂದು ಸ್ಟಾಫ್ ರೂಮಿನಲ್ಲಿ ಬಿದ್ದಿತ್ತು. ಅದರ ಮುಚ್ಚಳವನ್ನು ಬ್ಲೇಡಿನಿಂದ ಸೀಳಿ ತರಗತಿಯ ಕಿಟಕಿಯಲ್ಲಿ ಇಟ್ಟೆ. ನಿಯಮ ಒಂದೇ. ಚೀಟಿಯಲ್ಲಿ ಪ್ರಶ್ನೆ ಇರಬೇಕು, ಅಭಿಪ್ರಾಯ ಇರಬಾರದು.

ಮೊದಲ ವಾರ ಬಿದ್ದ ಒಂದು ಚೀಟಿ ನನಗೆ ಈಗಲೂ ಬಾಯಿಪಾಠ. ‘ಅಲಾಯಿ ದೇವರಿಗೆ ಸಕ್ಕರಿ ಓದಿಸ್ತಾರಲ್ರಿ, ಅದಕ್ಕ ಏನ್ ಓದ್ತಾರ್ರಿ?’ ಅಲಾಯಿ ದೇವರು ಅಂದರೆ ಮೊಹರಂನಲ್ಲಿ ಕೂರಿಸುವ ಪಂಜಾಗಳು. ಇಡೀ ತರಗತಿ ಆ ಸಕ್ಕರೆ ತಿಂದಿದೆ. ನಾನೂ ತಿಂದಿದ್ದೇನೆ. ಏನು ಓದುತ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ಮುಸ್ಲಿಂ ಹುಡುಗರಿಗೂ ಸರಿಯಾಗಿ ಗೊತ್ತಿರಲಿಲ್ಲ. ‘ಅರಬಿಯೊಳಗ ಏನೋ ಓದ್ತಾರ್ರಿ’ ಅಂದರು. ಒಬ್ಬ ಹುಡುಗ ಅಜ್ಜನನ್ನು ಕೇಳಿಕೊಂಡು ಬಂದ. ಅದು ಫಾತಿಹಾ, ಕುರಾನಿನ ಮೊದಲ ಅಧ್ಯಾಯ, ಏಳೇ ವಾಕ್ಯ, ನಮ್ಮನ್ನು ನೆಟ್ಟಗಿನ ದಾರಿಯಲ್ಲಿ ನಡೆಸು ಅಂತ ಬೇಡಿಕೊಳ್ಳುವುದು ಅಂದ. ಕೊನೆಯ ಬೆಂಚಿನ ಹುಡುಗ ಅವನು, ಕರೆದರೂ ಬೋರ್ಡಿನ ಹತ್ತಿರ ಬರುತ್ತಿರಲಿಲ್ಲ. ಅವತ್ತು ಹತ್ತು ನಿಮಿಷ ನಿಂತು ಹೇಳಿದ. ‘ಸಕ್ಕರಿಗೇ ಯಾಕ ಓದ್ತಾರ, ಬೆಲ್ಲಕ್ಕ ನಡಿಯಂಗಿಲ್ಲೇನು?’ ಅಂತ ಒಬ್ಬಳು ಕೇಳಿದಳು. ‘ಅದನ್ನ ಅಜ್ಜನ್ನ ಕೇಳ್ಬೇಕು’ ಅಂದ. ಹೀಗೆ ಓದಿಸುವುದೇ ಸರಿಯಲ್ಲ ಅನ್ನುವ ಮುಸ್ಲಿಮರೂ ಇದ್ದಾರೆ ಅಂತಲೂ ಅಜ್ಜ ಹೇಳಿ ಕಳಿಸಿದ್ದರು. ಒಂದು ಧರ್ಮದ ಒಳಗೇ ಎರಡು ಮಾತು ಇರುತ್ತದೆ ಅಂತ ನಮ್ಮ ಮಕ್ಕಳು ಕೇಳಿದ್ದು ಅವತ್ತೇ.

ಮುಂದಿನ ವಾರದ ಪ್ರಶ್ನೆ ಒಬ್ಬ ಲಿಂಗಾಯತ ಹುಡುಗಿಗೆ. ಕೊರಳಲ್ಲಿರುವ ಬೆಳ್ಳಿ ಕರಡಿಗೆಯಲ್ಲಿ ಏನಿದೆ, ಅದನ್ನು ಎಡಗೈಯಲ್ಲಿ ಇಟ್ಟುಕೊಂಡು ಯಾಕೆ ಪೂಜೆ ಮಾಡುತ್ತೀರಿ ಅಂತ. ಏನಿದೆ ಅಂತ ತಕ್ಷಣ ಹೇಳಿದಳು. ಎಡಗೈ ಯಾಕೆ ಅನ್ನುವುದಕ್ಕೆ ಅವಳೂ ಅಜ್ಜಿಯ ಹತ್ತಿರ ಹೋಗಬೇಕಾಯಿತು. ಇದು ನಾನು ಎಣಿಸದೇ ಇದ್ದದ್ದು. ಪಕ್ಕದವರ ಧರ್ಮ ತಿಳಿಯಲಿ ಅಂತ ಹೊರಟೆ, ಮಕ್ಕಳು ತಮ್ಮ ಮನೆಯದನ್ನೇ ಮೊದಲ ಸಲ ವಿಚಾರಿಸಿ ತಿಳಿದುಕೊಂಡರು. ಊರಿನ ಅಜ್ಜ ಅಜ್ಜಿಯರಿಗೆ ಸಂಜೆ ಕೆಲಸ ಸಿಕ್ಕಿತು.

ಡಿಸೆಂಬರ್‌ನಲ್ಲಿ ಊರಿನ ಗುಡಿ, ದರ್ಗಾ ಮತ್ತು ಮುದಗಲ್‌ನ ಚರ್ಚಿಗೆ ಹೋದೆವು. ಮುದಗಲ್‌ನಲ್ಲಿ ನೂರಾರು ವರ್ಷಗಳಿಂದ ಕ್ಯಾಥೊಲಿಕ್ ಕುಟುಂಬಗಳು ಇವೆ ಅನ್ನುವುದು ಅರ್ಧಕ್ಕರ್ಧ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಆದರೆ ನಾನು ಹೇಳಬೇಕಾದದ್ದು ಗುಡಿಯ ಬಗ್ಗೆ. ನಾನು ಮೆಟ್ಟಿಲು ಹತ್ತಿ ಒಳಗೆ ಹೋಗಿ ತಿರುಗಿ ನೋಡಿದರೆ ಐದಾರು ಮಕ್ಕಳು ಕೆಳಗಿನ ಮೆಟ್ಟಿಲ ಹತ್ತಿರವೇ ನಿಂತಿದ್ದರು. ಯಾರೂ ತಡೆದಿರಲಿಲ್ಲ, ಕಾಲು ತಾವಾಗಿಯೇ ನಿಂತಿದ್ದವು. ಅಸ್ಪೃಶ್ಯತೆ ನಿಷೇಧಿಸುವ 17ನೇ ವಿಧಿಯನ್ನು ಆ ಮಕ್ಕಳಿಗೆ ಪಾಠ ಮಾಡಿದ್ದು ನಾನೇ. ಅವರನ್ನು ಕರೆದುಕೊಂಡು ಹೋಗುವ ಮುಂಚೆ ಒಂದು ಕ್ಷಣವೂ ಯೋಚನೆ ಮಾಡಿರಲಿಲ್ಲ. ಕೈಹಿಡಿದು ಒಳಗೆ ಕರೆದುಕೊಂಡು ಹೋಗುವ ಧೈರ್ಯವೂ ಬರಲಿಲ್ಲ. ಎಲ್ಲರನ್ನೂ ಹೊರಗಿನ ಕಟ್ಟೆಯ ಮೇಲೆ ಕೂರಿಸಿದೆ. ಪೂಜಾರಿಗಳು ಹೊರಗೆ ಬಂದು ಅಲ್ಲೇ ಮಾತಾಡಿದರು. ಮರುದಿನ ಡಬ್ಬಿಯಲ್ಲಿ ಒಂದು ಚೀಟಿ ಇತ್ತು: ‘ದೇವರು ಒಳಗ ಇದ್ದ, ಪೂಜಾರಿ ಹೊರಗ ಬಂದ. ನಾವ್ಯಾಕ ಒಳಗ ಹೋಗಲಿಲ್ಲ?’

ದರ್ಗಾದಲ್ಲಿ ಹೆಣ್ಣುಮಕ್ಕಳನ್ನು ಸಮಾಧಿಯ ಹತ್ತಿರ ಬಿಡಲಿಲ್ಲ. ಅಲ್ಲಿಂದಲೂ ಅಂಥದ್ದೇ ಚೀಟಿ ಬಂತು. ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೂ ಗೊತ್ತಿಲ್ಲ, ನನಗೂ ಸರಿ ಕಾಣಲಿಲ್ಲ ಅಂತ ತರಗತಿಯಲ್ಲೇ ಹೇಳಿದೆ.

ಜನವರಿಯಲ್ಲಿ ಅದೇ ಐದು ಸಾಲುಗಳನ್ನು ಮತ್ತೆ ಬರೆಸಿದೆ. ಮಕ್ಕಳು ದೇವತೆಗಳಾಗಿರಲಿಲ್ಲ. ಬದಲಾದದ್ದು ವಾಕ್ಯಗಳು. ಸೆಪ್ಟೆಂಬರ್‌ನಲ್ಲಿ ‘ಅವರು’ ಅಂತ ಶುರುವಾಗುತ್ತಿದ್ದ ಸಾಲು ಈಗ ಯಾರದೋ ಹೆಸರಿನಿಂದ, ಯಾರದೋ ಅಜ್ಜನಿಂದ ಶುರುವಾಗುತ್ತಿತ್ತು. ‘ಎಲ್ಲ ಮುಸ್ಲಿಮರು’, ‘ಎಲ್ಲ ಹಿಂದೂಗಳು’ ಇದ್ದ ಕಡೆ ‘ಕೆಲವರು’ ಬಂದಿತ್ತು. ಮೊದಲ ಸಲದ ಚೀಟಿಗಳಲ್ಲಿ ಆ ಪದವನ್ನು ಹುಡುಕಿ ನೋಡಿದೆ, ಒಂದರಲ್ಲೂ ಇರಲಿಲ್ಲ. ನಾನು ಕಲಿಸಿದ ಪದವೂ ಅಲ್ಲ ಅದು.

ಒಬ್ಬ ಹುಡುಗ ಮಾತ್ರ ಏನೂ ಬದಲಾಗಲಿಲ್ಲ. ಮೊದಲು ಬರೆದದ್ದನ್ನೇ ಮತ್ತೆ ಬರೆದ, ಅಕ್ಷರ ನೋಡಿದರೆ ಯಾರು ಅಂತ ಗೊತ್ತಾಗುತ್ತಿತ್ತು. ಆದರೆ ಗುಂಪಿನ ಕೆಲಸದಲ್ಲಿ ಮುಂಚೆ ದೂರ ಕೂರುತ್ತಿದ್ದವನು ಈಗ ಎಲ್ಲರ ಜೊತೆ ಕೂರುತ್ತಿದ್ದ. ಇದು ಹೇಗೆ ಅಂತ ನನಗೆ ಅರ್ಥವಾಗಿರಲಿಲ್ಲ. ನಿವೃತ್ತಿಯ ಮೇಲೆ ಮಗಳು ಹುಡುಕಿಕೊಟ್ಟ ಅಧ್ಯಯನಗಳನ್ನು ಓದಿದೆ. ನೈಜೀರಿಯಾದ ಕಡುನಾ ನಗರ ಕ್ರೈಸ್ತ, ಮುಸ್ಲಿಂ ಗಲಭೆಗಳಿಂದ ಬೆಂದ ಊರು. ಅಲ್ಲಿ ಎರಡೂ ಕಡೆಯ ಯುವಕರನ್ನು ಒಟ್ಟಿಗೆ ಕಂಪ್ಯೂಟರ್ ತರಗತಿಗೆ ಕೂರಿಸಿ ನೋಡಿದ್ದಾರೆ. ಮನಸ್ಸಿನೊಳಗಿನ ಪೂರ್ವಗ್ರಹ ಹೆಚ್ಚೇನೂ ಕರಗಲಿಲ್ಲ, ಆದರೆ ಪರಧರ್ಮದವರಿಗೆ ಭೇದ ಮಾಡುವುದು ಕಡಿಮೆಯಾಯಿತು. ಈ ಅಧ್ಯಯನ ಪ್ರಕಟವಾದದ್ದು 2018ರಲ್ಲಿ. ನಮ್ಮ ಹುಡುಗನ ಕಥೆಯೂ ಅದೇ ಶಾಲಾ ವರ್ಷದ್ದು.

ನನ್ನದೊಂದು ಎಡವಟ್ಟನ್ನೂ ಹೇಳಬೇಕು. ಉತ್ಸಾಹ ಜಾಸ್ತಿಯಾಗಿ ಒಂದು ಕ್ವಿಜ್ ಇಟ್ಟೆ. ಯಾವ ಓಣಿಯ ಮಕ್ಕಳಿಗೆ ಬೇರೆ ಧರ್ಮದ ಬಗ್ಗೆ ಜಾಸ್ತಿ ಗೊತ್ತು ಅಂತ ಪೈಪೋಟಿ. ಓಣಿ ಅಂದರೆ ಜಾತಿ, ಜಾತಿ ಅಂದರೆ ಓಣಿ ಅನ್ನುವುದು ನನ್ನಂಥವಳಿಗೆ ಹೊಳೆಯದೇ ಹೋಯಿತು ನೋಡಿ. ಅವತ್ತು ಸಂಜೆ ಗೇಟಿನ ಹತ್ತಿರ ಕೂಗಾಟ ಆಯಿತು. ಆಮೇಲೆ ಗುಂಪುಗಳನ್ನು ಬೆರಸಿದೆ, ಶಾಂತವಾಯಿತು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ ಯುವಕರಿಗೆ ಕ್ರಿಕೆಟ್ ಆಡಿಸಿ ಮಾಡಿದ ಅಧ್ಯಯನ 2021ರಲ್ಲಿ ಬಂತು. ಒಂದೇ ತಂಡದಲ್ಲಿ ಆಡಿದವರ ನಡುವೆ ಬೇರೆ ಜಾತಿಯ ಗೆಳೆತನ ಬೆಳೆಯಿತು. ಎದುರಾಳಿಗಳಾಗಿ ಆಡಿದವರಲ್ಲಿ ಅದು ಕಡಿಮೆಯಾಯಿತು. ಒಟ್ಟಿಗೆ ಸೇರಿಸಿದರೆ ಸಾಕು ಅನ್ನುವವರು ಇದನ್ನು ಓದಬೇಕು.

ಫೆಬ್ರುವರಿಯಲ್ಲಿ ದೂರು ಬಂತು. ದರ್ಗಾದಲ್ಲಿ ತಲೆಗೆ ಕರವಸ್ತ್ರ ಕಟ್ಟಿಕೊಂಡ ಮಕ್ಕಳ ಫೋಟೊ ವಾಟ್ಸಾಪ್‌ನಲ್ಲಿ ಹರಿದಾಡಿತು. ಸರ್ಕಾರಿ ಶಾಲೆಯಲ್ಲಿ ಮತಾಂತರ ಅಂತ ಅದಕ್ಕೊಂದು ಶೀರ್ಷಿಕೆ. ಎರಡು ದಿನ ಬಿಟ್ಟು ಇನ್ನೊಂದು ಕಡೆಯವರು ಬಂದರು. ನಮ್ಮ ಮಕ್ಕಳನ್ನು ಗುಡಿಗೆ ಕರೆದುಕೊಂಡು ಹೋಗಿ ತೀರ್ಥ ಕೊಡಿಸಿದ್ದೀರಂತೆ ಅಂದರು. ಗುಡಿಯ ಒಳಗೇ ಹೋಗದವರಿಗೆ ತೀರ್ಥ ಎಲ್ಲಿಂದ ಬರಬೇಕು? ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ನನ್ನ ಪರವಾಗಿ ಮಾತಾಡಿದರು, ಅದನ್ನು ಮರೆಯಲಾರೆ. ಆದರೆ ಮೇಲಿನ ಅಧಿಕಾರಿಯೊಬ್ಬರು ಕರೆಸಿ, ‘ಮೇಡಂ, ಯಾಕೆ ಬೇಕಿತ್ತು ಇದೆಲ್ಲ? ಸುಮ್ನೆ ಸಿಲಬಸ್ ಮುಗಿಸಿ’ ಅಂದರು. ನಿಲ್ಲಿಸಬೇಕಾದರೆ ಬರೆದು ಕೊಡಿ ಸರ್ ಅಂದೆ. ಬರೆದು ಕೊಡಲಿಲ್ಲ. ಮಾಡಿ ಅಂತಲೂ ಯಾರೂ ಬರೆದು ಕೊಟ್ಟಿರಲಿಲ್ಲ. ಡಬ್ಬಿಯನ್ನು ಮನೆಗೆ ತಂದೆ.

ಮೂರು ವರ್ಷ ಆದಮೇಲೆ, 2022ರ ಫೆಬ್ರುವರಿಯಲ್ಲಿ, ಹಿಜಾಬ್ ಮತ್ತು ಕೇಸರಿ ಶಾಲಿನ ಗಲಾಟೆಯಲ್ಲಿ ಹೈಸ್ಕೂಲು, ಕಾಲೇಜುಗಳಿಗೆ ಸರ್ಕಾರ ಮೂರು ದಿನ ರಜೆ ಕೊಡಬೇಕಾಯಿತು. ಯಾರದು ಸರಿ ಅನ್ನುವ ಚರ್ಚೆ ಕೋರ್ಟಿನಲ್ಲಿ ಆಗಿದೆ, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಎರಡು ತೀರ್ಪು ಕೊಟ್ಟರು. ನಾನು ಅದಕ್ಕೆ ಹೋಗುವುದಿಲ್ಲ. ಟಿವಿ ನೋಡುತ್ತ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಗೇಟಿನ ಆ ಕಡೆ ಈ ಕಡೆ ನಿಂತ ಮಕ್ಕಳಲ್ಲಿ ಯಾರಾದರೂ ಯಾರನ್ನಾದರೂ, ನೀನು ಇದನ್ನು ಯಾಕೆ ಹಾಕಿಕೊಳ್ಳುತ್ತೀಯ ಅಂತ ಅದಕ್ಕೂ ಮುಂಚೆ ಯಾವತ್ತಾದರೂ ಕೇಳಿದ್ದರಾ?

ಪಠ್ಯದಲ್ಲಿ ಧರ್ಮಗಳ ಪಾಠ ಇದೆಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಇದೆ. ನಾನೇ ವರ್ಷಗಟ್ಟಲೆ ಮಾಡಿದ್ದೇನೆ. ತ್ರಿರತ್ನಗಳು ಯಾವುವು, ಅಷ್ಟಾಂಗ ಮಾರ್ಗ ಎಂದರೇನು, ಪೈಗಂಬರರು ಹುಟ್ಟಿದ್ದು ಎಲ್ಲಿ, ಎರಡು ಅಂಕ. ಇದನ್ನು ಬಿಟ್ಟರೆ ಛದ್ಮವೇಷ. ಒಬ್ಬನಿಗೆ ನಾಮ, ಒಬ್ಬನಿಗೆ ಟೋಪಿ, ಒಬ್ಬನಿಗೆ ಶಿಲುಬೆ, ಮೂವರೂ ಕೈಕೈ ಹಿಡಿದು ವೇದಿಕೆಯ ಮೇಲೆ. ಟೋಪಿ ಹಾಕಿದವನು ಮುಸ್ಲಿಂ ಹುಡುಗ ಆಗಿರುವುದೇ ಅಪರೂಪ. ಎಲ್ಲ ಧರ್ಮಗಳೂ ಒಂದೇ ಅಂತ ಹೇಳಿಬಿಟ್ಟರೆ ಕೇಳುವುದಕ್ಕೆ ಏನು ಉಳಿಯಿತು? 2023ರಿಂದ ಮಕ್ಕಳು ದಿನಾ ಸಂವಿಧಾನ ಪೀಠಿಕೆ ಓದುತ್ತಾರೆ. ಒಳ್ಳೆಯ ಕೆಲಸ, ನಿಮ್ಮದೇ ಸರ್ಕಾರ ಮಾಡಿದ್ದು. ಧರ್ಮಶ್ರದ್ಧೆ, ಉಪಾಸನಾ ಸ್ವಾತಂತ್ರ್ಯ ಅನ್ನುವ ಪದಗಳು ಈಗ ನಾಲಿಗೆ ಮೇಲಿವೆ. ಪಕ್ಕದಲ್ಲಿ ನಿಂತು ಅದೇ ಓದುವವನ ಉಪಾಸನೆ ಹೇಗಿರುತ್ತದೆ ಅಂತ ಮಾತ್ರ ಗೊತ್ತಿಲ್ಲ.

ಕಾನೂನು ಅಡ್ಡ ಬರುತ್ತದೆ ಅಂತ ನನ್ನನ್ನು ಹೆದರಿಸಿದವರು ಉಂಟು. ಸಂವಿಧಾನದ 28(1)ನೇ ವಿಧಿ ಹೇಳುವುದು ಇಷ್ಟು: ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರಿ, ಕೂಡದು. ಆದರೆ ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಅಂತ 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೇ ಬಿಡಿಸಿ ಹೇಳಿದೆ. ಎರಡನೆಯದು ಶಾಲೆಯಲ್ಲಿ ಇರಬೇಕು ಅಂತ ಶಿಫಾರಸು ಮಾಡಿದೆ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಧರ್ಮಗಳ ಬಗ್ಗೆ ಕಲಿಸುವುದನ್ನು 28ನೇ ವಿಧಿ ತಡೆಯುವುದಿಲ್ಲ ಅಂದಿತು. ಆ ತೀರ್ಪನ್ನು ಒಪ್ಪದವರೂ ಇದ್ದಾರೆ. ಇದು ಯಾರ ಕೈಗೆ ಸಿಕ್ಕರೆ ಏನಾಗುತ್ತದೋ ಅನ್ನುವ ಅವರ ಭಯ ಸುಳ್ಳಲ್ಲ. ಅದಕ್ಕೇ ನಾನು ನಿಮ್ಮಿಂದ ಹೊಸ ಪಠ್ಯಪುಸ್ತಕ ಕೇಳುತ್ತಿಲ್ಲ. ಪುಸ್ತಕ ಅಂದ ಕೂಡಲೇ ಸಮಿತಿ ಬರುತ್ತದೆ, ಸಮಿತಿ ಬಂದರೆ ಸರ್ಕಾರ ಬದಲಾದಾಗಲೆಲ್ಲ ಅದೂ ಬದಲಾಗುತ್ತದೆ. ಮಕ್ಕಳ ಪ್ರಶ್ನೆಗಳನ್ನು ಯಾವ ಸಮಿತಿಯೂ ಪರಿಷ್ಕರಿಸಲಾಗದು.

ತಂದೆ ತಾಯಿಯರ ಭಯ ಬೇರೆ. ನಮ್ಮ ಮಗು ನಮ್ಮ ಧರ್ಮ ಬಿಟ್ಟರೆ ಅನ್ನುವುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೊಡೆಸ್ಟೊ ಅನ್ನುವ ಊರಿದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 2000ದಿಂದ ಒಂಬತ್ತನೇ ತರಗತಿಯವರಿಗೆಲ್ಲ ಜಗತ್ತಿನ ಧರ್ಮಗಳ ಪಾಠ ಕಡ್ಡಾಯ ಮಾಡಿದರು. ಬೇಡ ಅನ್ನುವ ಪೋಷಕರು ಮಗುವನ್ನು ಬಿಡಿಸಿಕೊಳ್ಳಬಹುದಿತ್ತು, ಬಿಡಿಸಿಕೊಂಡವರು ಬಹಳ ಕಡಿಮೆ. ಶುರು ಮಾಡುವ ಮುಂಚೆ ಊರಿನ ಎಲ್ಲ ಧರ್ಮದ ಹಿರಿಯರನ್ನೂ ಕರೆದು ಕೇಳಿದ್ದರು. 2006ರಲ್ಲಿ ಅದರ ಅಧ್ಯಯನ ವರದಿ ಬಂತು. ಬೇರೆಯವರ ಹಕ್ಕಿನ ಬಗ್ಗೆ ಮಕ್ಕಳ ಗೌರವ ಸ್ವಲ್ಪ ಹೆಚ್ಚಿತ್ತು. ತಮ್ಮ ಸ್ವಂತ ನಂಬಿಕೆ ಬಿಟ್ಟಿರಲಿಲ್ಲ. ‘ಸ್ವಲ್ಪ’ ಅನ್ನುವುದನ್ನು ನಾನು ಬೇಕೆಂದೇ ಬರೆದೆ. ಪವಾಡ ಆಗುತ್ತದೆ ಅಂತ ನಿಮಗೆ ಗ್ರಾಫ್ ಹಾಕಿ ತೋರಿಸುವವರನ್ನು ನಂಬಬೇಡಿ.

ಈಗ ನನ್ನ ಕೋರಿಕೆ. ಮೊದಲನೆಯದು ಒಂದು ಸುತ್ತೋಲೆ. ಸರ್ಕಾರಿ ಶಾಲೆಯಲ್ಲಿ ಧರ್ಮಗಳ ಬಗ್ಗೆ ಮಕ್ಕಳು ಪ್ರಶ್ನೆ ಕೇಳಬಹುದು, ಶಿಕ್ಷಕರು ಕೇಳಿಸಬಹುದು ಅಂತ ಅದರಲ್ಲಿ ಬರೆದಿರಬೇಕು. 28(1)ನೇ ವಿಧಿ, 2002ರ ತೀರ್ಪು ಎರಡನ್ನೂ ಹೆಸರಿಸಿರಬೇಕು. ಏನು ಮಾಡಬಾರದು ಅನ್ನುವುದೂ ಅಷ್ಟೇ ಬಿಡಿಸಿ ಇರಲಿ. ಮಕ್ಕಳಿಂದ ಪೂಜೆ, ನಮಾಜು, ಪ್ರಾರ್ಥನೆ ಮಾಡಿಸಬಾರದು. ಪ್ರಸಾದ ತಿನ್ನಲೇಬೇಕು ಅನ್ನಬಾರದು. ಪೋಷಕರ ಸಭೆ ಕರೆದು ಮೊದಲೇ ಹೇಳಬೇಕು, ಬೇಡ ಅಂದವರ ಮಗುವನ್ನು ಬಿಡಬೇಕು. ಫೋಟೊ ತೆಗೆಯಲೇಬಾರದು, ಇದು ನಾನು ಪೆಟ್ಟು ತಿಂದು ಕಲಿತದ್ದು. ಹೊರಗಿನಿಂದ ಭಾಷಣಕಾರರನ್ನು, ಪಕ್ಷದವರನ್ನು ಕರೆಸಬಾರದು. ತರಗತಿಯ ಮಕ್ಕಳ ಮನೆಯ ಹಿರಿಯರೇ ಬರಲಿ. ದೇವರನ್ನು ನಂಬದ ಮನೆಯವರೂ ಇರುತ್ತಾರೆ, ಅವರಿಗೂ ಒಂದು ದಿನ ಇರಲಿ.

ಸಮಯ ಎಲ್ಲಿದೆ ಅಂತ ಕೇಳಬೇಡಿ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಅಂತ ನಿಮ್ಮ ಇಲಾಖೆಯೇ ಮಾಡಿದೆ. ವರ್ಷದಲ್ಲಿ ಎರಡೇ ಶನಿವಾರ ಇದಕ್ಕೆ ಕೊಡಿ. ಅಂಕ ಬೇಡ. ಅಂಕ ಇಟ್ಟರೆ ಮಾರನೇ ದಿನವೇ ಅಂಗಡಿಯಲ್ಲಿ ಗೈಡು ಬರುತ್ತದೆ.

ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ (ಡಯಟ್) ಶಿಕ್ಷಕರಿಗೆ ಎರಡು ದಿನದ ತರಬೇತಿ ಬೇಕು. ಧರ್ಮಗ್ರಂಥಗಳ ತರಬೇತಿ ಬೇಡ. ಮೆಟ್ಟಿಲ ಹತ್ತಿರ ಮಕ್ಕಳು ನಿಂತುಬಿಟ್ಟರೆ ಏನು ಮಾಡಬೇಕು, ಉತ್ತರ ಗೊತ್ತಿಲ್ಲದಾಗ ಗೊತ್ತಿಲ್ಲ ಅಂತ ಹೇಗೆ ಹೇಳಬೇಕು, ಇವನ್ನು ಹೇಳಿಕೊಡಿ. ನನಗೆ ಯಾರಾದರೂ ಹೇಳಿಕೊಟ್ಟಿದ್ದರೆ ಆ ಐದಾರು ಮಕ್ಕಳ ಮುಂದೆ ನಾನು ಹಾಗೆ ತಬ್ಬಿಬ್ಬಾಗಿ ನಿಲ್ಲುತ್ತಿರಲಿಲ್ಲ.

ಶೈಕ್ಷಣಿಕ ಪ್ರವಾಸದ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಮಕ್ಕಳು ಶ್ರವಣಬೆಳಗೊಳ, ಬೈಲುಕುಪ್ಪೆ ನೋಡಿ ಬರುತ್ತಾರೆ. ಬಸ್ ಇಳಿ, ಫೋಟೊ ಹೊಡಿ, ಬಸ್ ಹತ್ತು. ಬೈಲುಕುಪ್ಪೆಯಲ್ಲಿ ಒಬ್ಬ ಟಿಬೆಟನ್ ಭಿಕ್ಷುವನ್ನು ಮಾತಾಡಿಸಿ ಬಂದ ಮಗುವನ್ನು ನಾನು ಕಂಡಿಲ್ಲ. ಅಷ್ಟು ದೂರ ಯಾಕೆ, ಕಲಬುರಗಿ ಜಿಲ್ಲೆಯ ಸನ್ನತಿಗೆ ಕರೆದುಕೊಂಡು ಹೋಗಲಿ. 1986ರಲ್ಲಿ ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿರುವ ಹನ್ನೆರಡನೇ ಶಾಸನ ಧರ್ಮಗಳ ಬಗ್ಗೆಯೇ. ತನ್ನ ಪಂಥವನ್ನು ಹೊಗಳಿ ಪರರದನ್ನು ತೆಗಳುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು ಅನ್ನುವುದು ಅದರ ಸಾರ. ಎರಡು ಸಾವಿರ ವರ್ಷಕ್ಕೂ ಹಳೆಯ ಮಾತು. ಎಲ್ಲ ಒಂದೇ ಅಂತ ಅಶೋಕನೂ ಬರೆಸಲಿಲ್ಲ. ಕೇಳಿ ಅಂತ ಬರೆಸಿದ.

ರಾಜ್ಯಕ್ಕೆಲ್ಲ ಒಂದೇ ಸಲ ಮಾಡಿ ಅಂತ ನನ್ನ ಒತ್ತಾಯ ಇಲ್ಲ. ಒಂದು ತಾಲ್ಲೂಕಿನಲ್ಲಿ ಒಂದು ವರ್ಷ ಮಾಡಿ ನೋಡಿ. ಜೂನ್‌ನಲ್ಲಿ ಐದು ಸಾಲು ಬರೆಸಿ, ಫೆಬ್ರುವರಿಯಲ್ಲಿ ಮತ್ತೆ ಬರೆಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೀವೇ ಓದಿ. ಏನೂ ಆಗಿಲ್ಲ ಅನಿಸಿದರೆ ನಿಲ್ಲಿಸಿ, ಆದರೆ ನಿಲ್ಲಿಸಿದ್ದೇವೆ ಅಂತ ಬರೆದು ಕೊಡಿ.

ಸುತ್ತೋಲೆಯ ಕರಡು ಬೇಕಿದ್ದರೆ ನಾನೇ ಬರೆದು ಕಳಿಸುತ್ತೇನೆ. ಒಂದೂವರೆ ಪುಟ ಆಗಬಹುದು. ಸಹಿ ಮಾತ್ರ ನಿಮ್ಮ ಕಡೆಯದು ಆಗಬೇಕು.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ರಾಯಚೂರು ಜಿಲ್ಲೆ